ಮೂಗಿಗೆ ರೆಪ್ಪೆಯಿಲ್ಲ

ಅಸಾಧಾರಣ ಶಕ್ತಿಯುಳ್ಳವರೊಬ್ಬರು ಊರಿಗೆ ಬಂದಿರುವರೆಂದು ಕೇಳಿದೊಡನೆ ನಮಗೆ ಮೊದಲು ತೋಚುವ ಕೆಲಸವೆಂದರೆ ಅವರನ್ನು ವೇದಿಕೆ ಹತ್ತಿಸುವುದು. ಪುರಭವನದಲ್ಲಿ ಕುರ್ಚಿಗಳನ್ನು ಹಾಕಿಸುತ್ತೇವೆ. ಹಿರಿಯರೊಬ್ಬರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸುತ್ತೇವೆ. ಗಣಿತದ ಅಧ್ಯಾಪಕರೊಬ್ಬರ ಕೈಗೆ ಗಡಿಯಾರವನ್ನು ಕೊಟ್ಟು ಕ್ಷಣಗಳನ್ನು ಎಣಿಸಲು ಹೇಳುತ್ತೇವೆ. ಕಾರ್ಯಕ್ರಮ ಮುಗಿದ ಬಳಿಕ ಹಾರ ಹಾಕಿ, ಕರತಾಡನ ಮಾಡಿ, ಮನೆಗೆ ಬಂದು ಉಂಡು ಮಲಗುತ್ತೇವೆ. ವೇದಿಕೆಯಿಂದ ಇಳಿದು ಹೋದ ಆ ವ್ಯಕ್ತಿಗೆ ನಿದ್ರೆ ಬರುವುದೆ, ಸಂತೆಯಲ್ಲಿ ನಡೆದು ಹೋಗುವಾಗ ಆತನ ಕಿವಿಗೆ, ಮೂಗಿಗೆ ಏನೇನು ಬಂದು ತಾಗುವುದು, ಮನೆಯ ಜನ ಆತನೊಡನೆ ಹೇಗೆ ಬಾಳುವರು ಎಂಬ ವಿಚಾರ ಮಾತ್ರ ಅಭಿನಂದನ ಪತ್ರದಲ್ಲಿ ಎಲ್ಲಿಯೂ ಕಾಣಬರುವುದಿಲ್ಲ. ಈ ವಾರ ವಾಚಕರೊಡನೆ ಹಂಚಿಕೊಳ್ಳಬೇಕೆಂದಿರುವುದು ಆ ವಿಚಾರವನ್ನೇ.

ನೂರು ಮಂದಿ ಪೃಚ್ಛಕರ ನಡುವೆ ಕುಳಿತು ಶತಾವಧಾನ ನಡೆಸುವ ವಿದ್ವಾಂಸರ ಸಂಗತಿಯನ್ನು ನಾನಿಲ್ಲಿ ಎತ್ತುತ್ತಿಲ್ಲ. ಅದು ದೀರ್ಘಕಾಲದ ಅಭ್ಯಾಸದಿಂದ ಸಂಪಾದಿಸಿದ ವಿದ್ಯೆ. ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಿಡಬಹುದಾದ ಪೆಟ್ಟಿಗೆ. ನಾನು ಹೇಳಹೊರಟಿರುವುದು ಯಾರೂ ಕಲಿಸದೆ, ತಾವೂ ಬೇಡದೆ, ಹುಟ್ಟಿನೊಡನೆಯೇ ಇಂತಹುದೊಂದನ್ನು ಪಡೆದು ಬಂದವರನ್ನು ಕುರಿತು.

ಮೊದಲು ನಮ್ಮ ಊರಿನವರನ್ನೇ ನೆನೆಯೋಣ. ಶಕುಂತಲಾ ದೇವಿಯವರು ಹುಟ್ಟಿದುದು 1929ರ ನವೆಂಬರ್ 4ರಂದು, ಬೆಂಗಳೂರಿನಲ್ಲಿ. ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರು. ಮೂರು ವರ್ಷದ ಮಗಳೊಡನೆ ಇಸ್ಪೀಟಿನ ಚಮತ್ಕಾರಗಳನ್ನು ಆಡುತ್ತಿದ್ದಾಗ, ಮಗು ಎಲೆಗಳನ್ನು ಕದ್ದು ನೋಡುತ್ತಿಲ್ಲ, ನೆನಪಿನಲ್ಲಿ ಇಟ್ಟುಕೊಳ್ಳುತ್ತಿದೆ ಎಂಬುದು ಆತನಿಗೆ ಹೊಳೆಯಿತು. ಆತ ಸರ್ಕಸ್ಸನ್ನು ಬಿಟ್ಟು ಮಗಳನ್ನೇ ಊರೂರಿಗೆ ಕರೆದೊಯ್ದು ಪ್ರದರ್ಶನ ಮಾಡಿಸತೊಡಗಿದ. ಆರನೆಯ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆಕೆಯ ಗಣಿತದ ಪ್ರದರ್ಶನ ನಡೆಯಿತು. 1944ರಲ್ಲಿ ತಂದೆ ಮಗಳು ಲಂಡನ್ನಿಗೆ ತೆರಳಿದರು. 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು ಆಕೆ 50 ಸೆಕೆಂಡುಗಳಲ್ಲಿ ಹೇಳಿದುದೂ, 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಒಪ್ಪಿಸಿದುದೂ ಲೋಕವಿಖ್ಯಾತ ಸಂಗತಿಗಳು.

ಅಷ್ಟೇನೂ ಪ್ರಸಿದ್ಧವಲ್ಲದ ಸಂಗತಿಯೊಂದು ನನಗೆ ಇವೆಲ್ಲಕ್ಕಿಂತ ಸ್ವಾರಸ್ಯವೆನಿಸಿದೆ. 1988ರಲ್ಲಿ ಆರ್ಥರ್ ಜೆನ್ಸೆನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಆಕೆಯನ್ನು ಪರೀಕ್ಷಿಸಿದರು. 6,16,29,875ರ ಘನಮೂಲವೆಷ್ಟು, 17,08,59,375ರ ಏಳನೆಯ ಮೂಲವೆಷ್ಟು ಎಂದು ಕೇಳಿ, ಆ ಸಂಖ್ಯೆಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿಯೇ 395 ಎಂದೂ 15 ಎಂದೂ ಉತ್ತರ ಬಂದಿತ್ತು. ಆದರೆ ದೀಪ ಹೊತ್ತಿದೊಡನೆ ಗುಂಡಿಯನ್ನು ಒತ್ತುವುದೇ ಮೊದಲಾದ ಸರಳ ಪರೀಕ್ಷೆಗಳನ್ನು ಕೊಟ್ಟಾಗ ಆಕೆಯ ವೇಗ ಸಾಮಾನ್ಯರ ವೇಗದಂತೆಯೇ ಇದ್ದಿತು. ಎಂದರೆ ಆಕೆಯ ಮೆದುಳು ಎಲ್ಲ ಕೆಲಸದಲ್ಲಿಯೂ ಮಿಂಚಿನಂತೆ ಓಡುವ ಯಂತ್ರವಾಗಿರಲಿಲ್ಲ. ಸಂಖ್ಯೆಗಳ ಲೋಕದಲ್ಲಿ ಮಾತ್ರ ಆಕೆಗೆ ಮನೆಯಂಗಳದಲ್ಲಿ ನಡೆದಾಡುವಷ್ಟು ಸಲಿಗೆ. ಶಾಲೆಯ ಕ್ರಮಬದ್ಧ ಶಿಕ್ಷಣ ಆಕೆಗೆ ಒದಗಲಿಲ್ಲ. ಕುಂಟೆಬಿಲ್ಲೆ ಆಡಬೇಕಾದ ವಯಸ್ಸಿನಲ್ಲಿ ಸಂಸಾರದ ಅನ್ನ ಆ ಪುಟ್ಟ ತಲೆಯ ಗಳಿಕೆಯಾಗಿತ್ತೆಂಬುದನ್ನು ಆಕೆಯೇ ಮುಂದೆ ಹೇಳಿಕೊಂಡರು. 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿಯೇ ತೀರಿಕೊಂಡ ಆಕೆ ತಮ್ಮ ಶಕ್ತಿಯನ್ನು ಕಡೆಯವರೆಗೂ ಹಸನ್ಮುಖದಿಂದಲೇ ಹೊತ್ತರೆಂಬುದು ನಮ್ಮ ಪುಣ್ಯ.

ಲೆಕ್ಕವಾದರೋ ಯಾರಾದರೂ ಕೇಳಿದಾಗ ಹೇಳುವಂತಹುದು. ಇಂದ್ರಿಯಗಳ ಸಂಗತಿ ಹಾಗಲ್ಲ. ಕಣ್ಣಿಗಾದರೂ ರೆಪ್ಪೆಯುಂಟು, ಕಿವಿಗೆ ರೆಪ್ಪೆಯಿಲ್ಲ, ಮೂಗಿಗೆ ಮೊದಲೇ ಇಲ್ಲ. ಅವು ಮಿತಿಮೀರಿ ಚುರುಕಾದರೆ, ಅಥವಾ ಒಂದರ ಬಾಗಿಲು ಇನ್ನೊಂದಕ್ಕೆ ತೆರೆದುಕೊಂಡರೆ, ಮನುಷ್ಯ ಹೇಗೆ ಬಾಳಬೇಕು?

ಈ ಪ್ರಶ್ನೆಗೆ ಮೈವೆತ್ತ ಉತ್ತರದಂತೆ ಬದುಕಿದವನು ಮಾಸ್ಕೋ ನಗರದ ಸಾಲೊಮನ್ ಶೆರೆಶೆವ್‌ಸ್ಕಿ. 1920ರ ದಶಕದಲ್ಲಿ ಆತ ಪತ್ರಿಕೆಯೊಂದರ ವರದಿಗಾರ. ಸಂಪಾದಕರು ಪ್ರತಿದಿನ ಬೆಳಗ್ಗೆ ವರದಿಗಾರರನ್ನೆಲ್ಲ ಕೂರಿಸಿಕೊಂಡು ಯಾರು ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಎಂದು ವಿಳಾಸಗಳ ಸಮೇತ ಹೇಳುವುದು ವಾಡಿಕೆ. ಎಲ್ಲರೂ ಬರೆದುಕೊಳ್ಳುತ್ತಿದ್ದರೆ ಈತ ಮಾತ್ರ ಸುಮ್ಮನೆ ಕುಳಿತಿರುತ್ತಿದ್ದ. ಒಂದು ದಿನ ಸಂಪಾದಕರು ಗದರಿಸಿದಾಗ, ಅವರು ಹೇಳಿದುದನ್ನೆಲ್ಲ ಒಂದಕ್ಷರವೂ ತಪ್ಪದಂತೆ ಒಪ್ಪಿಸಿಬಿಟ್ಟ. ಬೇರೆಯವರಿಗೂ ಹೀಗೆಯೇ ಅಲ್ಲವೆ ಎಂದು ಆತನಿಗೇ ಆಶ್ಚರ್ಯ! ಸಂಪಾದಕರು ಈ ವಿಲಕ್ಷಣ ಮನುಷ್ಯನನ್ನು ಅಲೆಕ್ಸಾಂಡರ್ ಲೂರಿಯಾ ಎಂಬ ತರುಣ ಮನಶ್ಶಾಸ್ತ್ರಜ್ಞನ ಬಳಿಗೆ ಕಳುಹಿಸಿದರು.

ಲೂರಿಯಾ ಮೊದಮೊದಲು ನಮ್ಮ ಪುರಭವನದ ಸಭಿಕರು ಮಾಡುವುದನ್ನೇ ಮಾಡಿದ, ಅಳೆಯಹೊರಟ. 30 ಪದಗಳು, 50, 70, ಅಂಕಿಗಳ ಕೋಷ್ಟಕಗಳು, ಅರ್ಥವಿಲ್ಲದ ಅಕ್ಷರಗಳು, ಶೆರೆಶೆವ್‌ಸ್ಕಿಗೆ ತಿಳಿಯದ ಇಟಲಿಯ ಭಾಷೆಯಲ್ಲಿ ಡಾಂಟೆಯ ಪಂಕ್ತಿಗಳು. ಎಲ್ಲವೂ ಮೇಲಿನಿಂದ ಕೆಳಕ್ಕೂ, ಕೆಳಗಿನಿಂದ ಮೇಲಕ್ಕೂ ಹಿಂದಿರುಗಿ ಬಂದುವು. ಹದಿನೈದು ವರ್ಷ ಕಳೆದ ಮೇಲೆ ಮುನ್ಸೂಚನೆಯಿಲ್ಲದೆ ಕೇಳಿದರೂ, ಅಂದು ಲೂರಿಯಾ ಯಾವ ಉಡುಪು ಧರಿಸಿದ್ದ, ಎಲ್ಲಿ ಕುಳಿತಿದ್ದ ಎಂಬುದರೊಡನೆ ಇಡೀ ಪಟ್ಟಿ ಹೊರಬರುತ್ತಿತ್ತು. ಕಡೆಗೆ ಲೂರಿಯಾ ಅಳತೆಯ ಕೋಲನ್ನು ಕೆಳಗಿಟ್ಟು ಬೇರೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡ: ಇಂತಹ ಸ್ಮರಣೆಯುಳ್ಳವನ ಬಾಳು ಹೇಗಿರುವುದು? ಸುಮಾರು ಮೂವತ್ತು ವರ್ಷಗಳ ಕಾಲ ಆತನನ್ನು ಕಂಡು ಮಾತನಾಡಿ ಬರೆದ ಕಿರುಗ್ರಂಥವು 1968ರಲ್ಲಿ ಪ್ರಕಟವಾಯಿತು. ಶೆರೆಶೆವ್‌ಸ್ಕಿ 1958ರಲ್ಲಿಯೇ ತೀರಿಕೊಂಡಿದ್ದ.

ಆತನಲ್ಲಿ ಇಂದ್ರಿಯಗಳ ನಡುವಣ ಗೋಡೆಗಳೇ ಇರಲಿಲ್ಲ. ಶಬ್ದ ಕೇಳಿದರೆ ಬಣ್ಣ ಕಾಣಿಸುತ್ತಿತ್ತು, ರುಚಿ ನಾಲಗೆಗೆ ಬರುತ್ತಿತ್ತು. ಪ್ರಖ್ಯಾತ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿಯ ದನಿ ಆತನಿಗೆ ಹಳದಿ ಬಣ್ಣದ, ಪುಡಿಪುಡಿಯಾಗಿ ಉದುರುವ ವಸ್ತುವಿನಂತೆ ತೋರಿತು. 87 ಎಂದರೆ ಸ್ಥೂಲಕಾಯದ ಹೆಂಗಸೊಬ್ಬಳೂ ಅವಳ ಪಕ್ಕದಲ್ಲಿ ಮೀಸೆ ತಿರುವುತ್ತಿರುವ ಗಂಡಸೊಬ್ಬನೂ ಎದುರಿಗೆ ಬಂದು ನಿಲ್ಲುತ್ತಿದ್ದರು. ಇದನ್ನು ಓದಿ ನಗು ಬರುವುದು ಸಹಜ. ಆದರೆ ಇಂತಹವನು ಒಂದು ದಿನ ಐಸ್‌ಕ್ರೀಮು ಕೊಳ್ಳಲು ಹೋಗುತ್ತಾನೆ, ಏನೇನಿದೆಯೆಂದು ಕೇಳುತ್ತಾನೆ, ಮಾರುವವಳು ಹಣ್ಣಿನ ಐಸ್‌ಕ್ರೀಮೆಂದು ಹೇಳಿದ ದನಿಯಿಂದ ಅವಳ ಬಾಯಿಯಿಂದ ಕರಿಯ ಇದ್ದಲಿನ ರಾಶಿ ಸುರಿದಂತಾಗಿ, ಕೊಳ್ಳದೆಯೇ ಹಿಂದಿರುಗುತ್ತಾನೆ. ಭೋಜನಗೃಹದಲ್ಲಿ ಸಂಗೀತ ನುಡಿಸಿದರೆ ತಟ್ಟೆಯಲ್ಲಿರುವ ಪದಾರ್ಥದ ರುಚಿಯೇ ಬೇರೆಯಾಗುತ್ತಿತ್ತು. ಮನುಷ್ಯರ ಮುಖಗಳು ಘಳಿಗೆಗೊಂದು ಭಾವ ತಳೆಯುವುದರಿಂದ, ಅಂಕಿಗಳನ್ನು ಎಂದೂ ಮರೆಯದ ಆ ಮನುಷ್ಯನಿಗೆ ಪರಿಚಿತರ ಮುಖವನ್ನು ಗುರುತು ಹಿಡಿಯುವುದು ಕಷ್ಟವಾಗಿತ್ತು. ಕವಿತೆಯಂತೂ ದೂರವೇ ಉಳಿಯಿತು. ಒಂದೊಂದು ಪದವೂ ತನ್ನದೇ ಆದ ಚಿತ್ರವನ್ನು ಎಳೆದು ತಂದು ನಿಲ್ಲಿಸಿದರೆ ಸಾಲಿನ ಭಾವ ಒಳಗೆ ಬರುವುದಾದರೂ ಹೇಗೆ?

ಆತ ಕೊನೆಗೆ ಹೊಟ್ಟೆಪಾಡಿಗೆ ಹಿಡಿದುದು ವೇದಿಕೆಯನ್ನೇ. ಸಂಜೆಯೊಂದಕ್ಕೆ ಹಲವು ಪ್ರದರ್ಶನಗಳು. ಕರಿಹಲಗೆಯ ಮೇಲೆ ಜನ ಬರೆಸಿದ ಸಂಖ್ಯೆಗಳು. ಒಂದು ಪ್ರದರ್ಶನದ ಪಟ್ಟಿ ಇನ್ನೊಂದರ ಮೇಲೆ ಬಂದು ಕೂರುವ ಭಯ ಆತನಿಗೆ ಹತ್ತಿತು. ನಾವೆಲ್ಲ ನೆನಪಿಡಬೇಕಾದುದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ; ಆತ ಮರೆಯಬೇಕಾದುದನ್ನು ಚೀಟಿಯಲ್ಲಿ ಬರೆದು, ಚೀಟಿಯನ್ನು ಸುಟ್ಟು ನೋಡಿದ. ಸುಟ್ಟ ಕಾಗದದ ಕಪ್ಪು ಪದರದ ಮೇಲೆಯೂ ಅಂಕಿಗಳು ಹಾಗೆಯೇ ಕಾಣುತ್ತಿದ್ದುವಂತೆ! ಬೇಡವೆಂದು ದೃಢವಾಗಿ ಸಂಕಲ್ಪಿಸಿದರೆ ಅವು ಎದುರಿಗೆ ಬಾರವು ಎಂಬುದನ್ನು ಕಂಡುಕೊಂಡಾಗ ಆತನಿಗೆ ಆದ ನೆಮ್ಮದಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ವಿಸ್ಮೃತಿಯೂ ಒಂದು ಸೌಭಾಗ್ಯವೆಂದು ಹಿರಿಯರು ಆಗಾಗ ಹೇಳುವುದನ್ನು ನಾನು ಬರಿಯ ಸಮಾಧಾನದ ಮಾತೆಂದು ತಿಳಿದಿದ್ದೆ.

ಇನ್ನು ಮೂಗಿನ ವಿಷಯ. ಗಂಧವು ಪೃಥಿವಿಯ ಗುಣವೆಂದು ನಮ್ಮ ತಾರ್ಕಿಕರು ಹೇಳಿ ಸುಮ್ಮನಾದರು. ಮೂಗು ಅದನ್ನು ಹೇಗೆ ಹಿಡಿಯುವುದೆಂಬುದು 1991ರವರೆಗೂ ಬಹುಮಟ್ಟಿಗೆ ಗುಟ್ಟಾಗಿಯೇ ಇದ್ದಿತು. ಆ ವರ್ಷ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳು ಗಂಧಗ್ರಾಹಕಗಳನ್ನು ನಿರ್ಮಿಸುವ ಜೀನುಗಳನ್ನು ಗುರುತಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವುಗಳ ಜೀನುಗಳು ವ್ಯಕ್ತಿಯಿಂದ ವ್ಯಕ್ತಿಗೆ ಅಷ್ಟಿಷ್ಟು ಬೇರೆಯಾಗಿರುತ್ತವೆ. ಒಂದೇ ಮನೆಯಲ್ಲಿ ಒಬ್ಬರಿಗೆ ಹಾಲು ಸೀದ ವಾಸನೆ ಬೀದಿಯಿಂದಲೇ ತಿಳಿಯುವುದೂ ಇನ್ನೊಬ್ಬರು ಅದೇ ಹಾಲಿನಲ್ಲಿ ಕಾಫಿ ಬೆರೆಸಿ ಕುಡಿಯುವುದೂ ಬರಿಯ ಅಜಾಗರೂಕತೆಯೆಂದು ಜಗಳವಾಡಬೇಕಾಗಿಲ್ಲ.

ಸ್ಕಾಟ್‌ಲೆಂಡಿನ ಪರ್ತ್ ಎಂಬ ಊರಿನ ಜಾಯ್ ಮಿಲ್ನ್ ಎಂಬಾಕೆಗೆ ಇಂತಹ ಮೂಗು ತಾಯಿಯ ತಾಯಿಯಿಂದ ಬಂದಿತು. ಆಕೆ ವೃತ್ತಿಯಿಂದ ದಾದಿ. ಪತಿ ಲೆಸ್ ವೈದ್ಯ. ಹದಿಹರೆಯದಲ್ಲಿಯೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಆತನ ಮೈಯ ಕಸ್ತೂರಿಯಂತಹ ಹಿತವಾದ ಗಂಧವೇ ತನಗೆ ಮೊದಲು ಪರಿಚಯವಾದುದೆಂದು ಆಕೆ ಹೇಳಿಕೊಂಡಿದ್ದಾರೆ. ಮೂವತ್ತು ವರ್ಷ ದಾಟಿದ ಬಳಿಕ ಆ ಗಂಧ ಬದಲಾಯಿತು. ಜಿಡ್ಡಿನ, ಅಹಿತವಾದ ಹೊಸದೊಂದು ವಾಸನೆ. ಆಸ್ಪತ್ರೆಯಿಂದ ಅಂಟಿಸಿಕೊಂಡು ಬಂದುದಿರಬಹುದು, ಸ್ನಾನ ಸರಿಯಾಗಿ ಮಾಡುತ್ತಿಲ್ಲವಿರಬಹುದು ಎಂದು ಆಕೆ ಎಣಿಸಿದರು. ಮತ್ತೆ ಮತ್ತೆ ಹೇಳಿದರು. ಆತನಿಗೆ ಆ ವಾಸನೆ ತಿಳಿಯುತ್ತಿರಲಿಲ್ಲ, ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಆಕೆ ಹೇಳುವುದನ್ನು ಬಿಟ್ಟರು.

ಸ್ವಲ್ಪ ನಿಂತು ಯೋಚಿಸಬೇಕಾದ ಸ್ಥಳವಿದು. ಮನೆಯಲ್ಲಿ ಏನೋ ಬದಲಾಗಿದೆ, ಅದು ಒಬ್ಬರಿಗೆ ಮಾತ್ರ ಗೊತ್ತು, ಅದಕ್ಕೆ ಹೆಸರಿಲ್ಲ, ಸಾಕ್ಷಿಯಿಲ್ಲ, ಹೇಳಿದರೆ ನಿಂದೆಯಾಗುತ್ತದೆ. ಹನ್ನೆರಡು ವರ್ಷಗಳಷ್ಟು ಕಾಲ ಹೀಗೆಯೇ ನಡೆಯಿತು. ಮೆಲ್ಲನೆ ಲೆಸ್‌ನ ಸ್ವಭಾವವೂ ಬೇರೆಯಾಗುತ್ತ ಬಂದಿತು. ಖಿನ್ನತೆ, ಸಿಡುಕು, ನಿದ್ರೆಯಲ್ಲಿ ಕೈ ಬೀಸಿ ಹೊಡೆಯುವುದು. ಮೆದುಳಿನಲ್ಲಿ ಗಡ್ಡೆಯಾಗಿರಬಹುದೆಂದು ಹೆದರಿ ಆಕೆ ಒತ್ತಾಯದಿಂದ ವೈದ್ಯರಲ್ಲಿಗೆ ಕರೆದೊಯ್ದಾಗ ತಿಳಿದುಬಂದುದು ಪಾರ್ಕಿನ್ಸನ್ನನ ರೋಗವೆಂದು. ಆಗ ಆತನಿಗೆ 45 ವರ್ಷ.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನು ವರ್ಣಿಸಿದ ಈ ರೋಗವನ್ನು ನಮ್ಮಲ್ಲಿ ಕಂಪವಾತವೆಂದು ಕರೆಯುವ ವಾಡಿಕೆಯುಂಟು. ಚಲನೆಯನ್ನು ಹದದಲ್ಲಿಡುವ ಡೋಪಮೈನ್ ಎಂಬ ದ್ರವ್ಯವನ್ನು ಸ್ರವಿಸುವ ಮೆದುಳಿನ ಕಣಗಳು ಒಂದೊಂದಾಗಿ ನಶಿಸುತ್ತ ಹೋಗುತ್ತವೆ. ಕೈ ನಡುಗಿ, ಹೆಜ್ಜೆ ಕಿರಿದಾಗಿ, ಮುಖದ ಭಾವ ಬಿಗಿದು ರೋಗ ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಹೋಗಿಬಿಟ್ಟಿರುತ್ತವೆ. ರೋಗ ಮೊದಲಿಡುವುದು ಯಾವಾಗ ಎಂಬುದನ್ನು ಹೇಳುವ ಉಪಾಯಕ್ಕಾಗಿ ವೈದ್ಯರು ಬಹುಕಾಲದಿಂದ ಪರಿತಪಿಸುತ್ತಿದ್ದರು.

ಪರ್ತ್‌ನಲ್ಲಿ ಈ ರೋಗಿಗಳ ಸಂಘವೊಂದರ ಕೂಟಕ್ಕೆ ದಂಪತಿಗಳು ಹೋದಾಗ ಜಾಯ್ ಬೆಚ್ಚಿದರು. ಪರಿಚಯವಿಲ್ಲದ ಅಷ್ಟು ಮಂದಿಯಲ್ಲಿಯೂ ತನ್ನ ಗಂಡನ ಅದೇ ವಾಸನೆ! ಅಂದು ಮನೆಯಲ್ಲಿ ಅದನ್ನು ಕೇಳಿದ ಲೆಸ್ ಸಿಟ್ಟಾಗಲಿಲ್ಲ. ವೈದ್ಯನಾದ ಆತನಿಗೆ ಅದರ ಅರ್ಥ ಒಡನೆಯೇ ತಿಳಿಯಿತು. 2012ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾನಿಲಯದ ಟೈಲೋ ಕುನಾಥ್ ಎಂಬ ವಿಜ್ಞಾನಿಯ ಉಪನ್ಯಾಸವಾದ ಮೇಲೆ ಜಾಯ್ ಎದ್ದು ನಿಂತು, ಈ ರೋಗದ ವಾಸನೆಯನ್ನು ರೋಗನಿರ್ಣಯಕ್ಕೆ ನೀವೇಕೆ ಉಪಯೋಗಿಸುತ್ತಿಲ್ಲವೆಂದು ಕೇಳಿದರು. ಪಾರ್ಕಿನ್ಸನ್ ರೋಗಿಗಳಿಗೆ ವಾಸನೆ ತಿಳಿಯದಂತಾಗುವುದು ಗೊತ್ತಿದ್ದ ಸಂಗತಿ. ರೋಗಿಗಳಿಂದಲೇ ವಾಸನೆ ಬರುವುದೆಂಬ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಉಪನ್ಯಾಸಕರು ಅಂದು ಆ ಮಾತಿಗೆ ಬೆಲೆ ಕೊಡಲಿಲ್ಲ. ಆದರೆ ಅದು ಅವರ ಮನಸ್ಸಿನಲ್ಲಿ ಕೊರೆಯುತ್ತ ಉಳಿದು, ಮುಂದೆ ಅವರೇ ಆಕೆಯನ್ನು ಹುಡುಕಿಸಿ ಕರೆಯಿಸಿದರು. ಲೂರಿಯಾನಂತೆ ಇವರಿಗೂ ಮಾನ ಸಲ್ಲತಕ್ಕದ್ದು.

ಪರೀಕ್ಷೆ ಬಹು ಸರಳವಾಗಿತ್ತು. ಆರು ಮಂದಿ ರೋಗಿಗಳೂ ಆರು ಮಂದಿ ಆರೋಗ್ಯವಂತರೂ ತೊಟ್ಟು ಕಳಚಿದ 12 ಟೀ ಷರ್ಟುಗಳನ್ನು ಗುರುತು ತಿಳಿಯದಂತೆ ಆಕೆಯ ಮುಂದೆ ಇಟ್ಟರು. ಆರು ಮಂದಿ ರೋಗಿಗಳ ಅಂಗಿಗಳನ್ನೂ ಆಕೆ ತಪ್ಪದೆ ಹೇಳಿದರು. ಆದರೆ ಆರೋಗ್ಯವಂತರಲ್ಲಿ ಒಬ್ಬನ ಅಂಗಿಯನ್ನೂ ರೋಗಿಯದೆಂದೇ ಹಟ ಹಿಡಿದರು. ಹನ್ನೆರಡರಲ್ಲಿ ಹನ್ನೊಂದು ಎಂದು ಲೆಕ್ಕ ಬರೆದುಕೊಂಡರು. ಎಂಟು ತಿಂಗಳ ಬಳಿಕ ಆ ಮನುಷ್ಯನೇ ಬಂದು, ತನಗೆ ಪಾರ್ಕಿನ್ಸನ್ ರೋಗವಿರುವುದಾಗಿ ವೈದ್ಯರು ಹೇಳಿರುವರೆಂದು ತಿಳಿಸಿದ.

ವಾಸನೆ ಕಂಕುಳಿನ ಬೆವರಿನಲ್ಲಿರದೆ ಕುತ್ತಿಗೆಯ ಹಿಂಭಾಗದಲ್ಲಿಯೂ ಬೆನ್ನ ಮೇಲ್ಭಾಗದಲ್ಲಿಯೂ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟವರೂ ಆಕೆಯೇ. ಅಲ್ಲಿ ಚರ್ಮದಿಂದ ಒಸರುವ ಜಿಡ್ಡೇ ಮೂಲವೆಂದು ತಿಳಿಯಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಪರ್ಡಿಟಾ ಬ್ಯಾರನ್ ಅವರ ತಂಡವು ಆ ಜಿಡ್ಡನ್ನು ಯಂತ್ರಗಳಿಗೆ ಉಣಿಸಿ, ಯಂತ್ರದಿಂದ ಹೊರಬಿದ್ದ ಗಂಧವನ್ನು ಜಾಯ್ ಅವರ ಮೂಗಿಗೆ ಹಿಡಿದು, ರೋಗಿಗಳಲ್ಲಿ ಏರಿಳಿದಿದ್ದ ಕೆಲವು ರಾಸಾಯನಿಕಗಳನ್ನು ಗುರುತಿಸಿ 2019ರಲ್ಲಿ ಪ್ರಕಟಿಸಿತು. 2022ರಲ್ಲಿ ಅದೇ ತಂಡವು ಬೆನ್ನ ಮೇಲೆ ಹತ್ತಿಯ ಕಡ್ಡಿಯನ್ನು ಉಜ್ಜಿ, ಅದರಲ್ಲಿ ಅಂಟಿದ ಜಿಡ್ಡನ್ನು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುವ ವಿಧಾನವನ್ನು ಮುಂದಿಟ್ಟಿತು. ಪ್ರಯೋಗಾಲಯದಲ್ಲಿ ಗೆದ್ದುದು ಊರಿನ ಆಸ್ಪತ್ರೆಯ ಮೇಜಿಗೆ ಬರಲು ಮಾಡಬೇಕಾದ ಪ್ರಯಾಣ ಬೇರೆಯೇ ಇದೆ.

ಲೆಸ್ ಇದಾವುದನ್ನೂ ನೋಡಲಿಲ್ಲ, 2015ರಲ್ಲಿ ತೀರಿಕೊಂಡ. ಈ ಕೆಲಸವನ್ನು ಬಿಡಕೂಡದೆಂದು ಸಾಯುವ ಮುನ್ನ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ. ಪ್ರಯೋಗಾಲಯದಿಂದ ಹೊರಗೆ ಆಕೆಯ ದಿನಚರಿ ಸುಗಮವಾಗಿಲ್ಲ. ಸುಗಂಧ ದ್ರವ್ಯಗಳನ್ನು ಮಾರುವ ಅಂಗಡಿಯ ಸಾಲು ಆಕೆಗೆ ದುಸ್ಸಹ; ಜನಸಂದಣಿಯೂ ಹಾಗೆಯೇ. ಅದಕ್ಕಿಂತಲೂ ಕಷ್ಟವಾದುದು ಇನ್ನೊಂದು. ದಾರಿಯಲ್ಲಿ, ಅಂಗಡಿಯಲ್ಲಿ ಅಪರಿಚಿತರ ಮೈಯಿಂದ ಅದೇ ವಾಸನೆ ಬಂದರೆ ಮಾಡುವುದೇನು? ಆ ಮನುಷ್ಯ ಕೈಚೀಲ ಹಿಡಿದು ತರಕಾರಿ ಆರಿಸುತ್ತಿರುತ್ತಾನೆ; ಕೈ ನಡುಗುತ್ತಿಲ್ಲ, ಹೆಜ್ಜೆ ತಪ್ಪುತ್ತಿಲ್ಲ. ಆತನ ಮುಂದಿನ ಹತ್ತು ವರ್ಷ ಆಕೆಗೆ ಗೊತ್ತು, ಆತನಿಗೆ ಗೊತ್ತಿಲ್ಲ. ದಾದಿಯ ವೃತ್ತಿಧರ್ಮವು ಹೇಳಕೂಡದೆನ್ನುತ್ತದೆ. ಹೇಳಿದರೂ, ರೋಗವನ್ನು ಮೂಸಿ ನೋಡುವ ಹೆಂಗಸು ಹೇಳಿದಳೆಂದು ಒಬ್ಬಾತ ಹೋದರೆ ಯಾವ ವೈದ್ಯ ಒಪ್ಪಿಕೊಂಡಾನು ಎಂಬುದು ಆಕೆಯದೇ ಪ್ರಶ್ನೆ. ಆದುದರಿಂದ ಆಕೆ ಸುಮ್ಮನಿರುತ್ತಾರೆ.

ರೋಗವನ್ನು ತಡೆದು ನಿಲ್ಲಿಸುವ ಔಷಧವೇ ಇಲ್ಲದಿರುವಾಗ ಮುಂಚಿತವಾಗಿ ತಿಳಿದು ಪ್ರಯೋಜನವೇನೆಂದು ಕೇಳುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಜಾಯ್ ಅವರು ಇದಕ್ಕೆ ಕೊಟ್ಟಿರುವ ಉತ್ತರದಲ್ಲಿ ಔಷಧದ ಪ್ರಸ್ತಾಪವಿಲ್ಲ. ಆ ವಾಸನೆ ಏನೆಂಬುದು ಮೊದಲೇ ತಿಳಿದಿದ್ದರೆ ಮನೆಯ ಜನರೊಡನೆ ಇನ್ನಷ್ಟು ಕಾಲ ಕಳೆಯುತ್ತಿದ್ದೆವು, ಇನ್ನಷ್ಟು ಊರುಗಳನ್ನು ನೋಡುತ್ತಿದ್ದೆವು, ಗಂಡನ ಸಿಡುಕಿಗೂ ಖಿನ್ನತೆಗೂ ಕಾರಣ ತಿಳಿದಿರುತ್ತಿತ್ತು ಎಂದು ಆಕೆ ಹೇಳಿದ್ದಾರೆ.